ಕೊಲಂಬೊ ಮಾತುಕತೆ ಮುಗಿದಿದೆ

ಗುತ್ತಿಗಾರು, ೧೨-೬-೧೯೬೩

ಮಾಷ್ಟ್ರಿಗೆ ನಮಸ್ಕಾರ.

ಚೀನಾ ಬಿಟ್ಟುಕೊಟ್ಟ ಸೈನಿಕರ ಪಟ್ಟಿಯಲ್ಲಿ ನಮ್ಮ ಧರ್ಮಪಾಲನ ಹೆಸರಿಲ್ಲ. ಅವನು ಗಡಿಯಲ್ಲೇ ಸತ್ತನೆಂದು ಸೈನ್ಯದಿಂದ ಕಾಗದ ಬಂದಿದೆ. ಶನಿವಾರ ಮಗನ ಉತ್ತರಕ್ರಿಯೆ, ಬೊಜ್ಜ ಮಾಡಿ ಊಟ ಹಾಕಬೇಕು. ಹೆತ್ತ ತಾಯಿ ಪೂವಮ್ಮ ಒಪ್ಪುತ್ತಿಲ್ಲ.

"ನಮಗೂ ಚೀನಕ್ಕೂ ರಾಜಿ ಮಾಡಿಸ್ಲಿಕ್ಕೆ ಕೊಲಂಬೊದಲ್ಲಿ ಆರು ದೇಶದವರ ಮಾತುಕತೆ ಇನ್ನೂ ಉಂಟು. ಮಾಷ್ಟ್ರು ಪೇಪರ್ ಓದಿ ಹೇಳಿದ್ದಾರೆ. ಬೊಜ್ಜ ಎಂತಕ್ಕೆ?" ಎನ್ನುತ್ತಾಳೆ.

ಆ ಸಭೆ ಡಿಸೆಂಬರಿನಲ್ಲೇ ಮುಗಿದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಅವಳ ಮುಖ ನೋಡಲಾಗದೆ ನೀವು ಆರು ತಿಂಗಳು ಪೇಪರಿನಲ್ಲಿ ಇಲ್ಲದ್ದನ್ನು ಓದಿದಿರಿ. ನಾನು ಪಕ್ಕದಲ್ಲೇ ಕುಳಿತು ತಲೆಯಾಡಿಸಿದೆ.

ಶನಿವಾರ ಬನ್ನಿ. ಪೇಪರ್ ತರಬೇಡಿ. ಅವಳಿಗೆ ಕಾಣುವ ಹಾಗೆ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕುಳಿತುಕೊಳ್ಳಿ. ನೀವು ಉಂಡರೆ ಅವಳು ನಂಬುತ್ತಾಳೆ.

ಇಂತು,
ಬೆಳ್ಯಪ್ಪ ಗೌಡ