ಅಪ್ಪ ಕೂರಿಸಿದ ಮುಚ್ಚಳ

ಬಿಟರ್‌ರೂಟ್ ಕಣಿವೆ, ಮೊಂಟಾನಾ
ಅಕ್ಟೋಬರ್ ೧೯, ಭಾನುವಾರ

ನನ್ನ ಮುದ್ದು ಮಾರ್ಲಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನೀನು ಕೇಳಿದ್ದು ಎರಡೇ ಸಾಲು. ನಾನು ಒಲೆಯ ಬೂದಿ ತೆಗೆದೆ, ಕಿಟಕಿ ಒರೆಸಿದೆ, ಸೇಬಿನ ಜಾಮ್ ಮಾಡಲು ಹೋಗಿ ತಳ ಹಿಡಿಸಿದೆ, ಬರೆಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಇವತ್ತು ಪಕ್ಕದ ಮನೆಯ ರಾಯ್ಸ್ ಚರ್ಚಿಗೆ ಕರೆಯಲು ಬಂದಾಗ ತಲೆನೋವೆಂದು ಸುಳ್ಳು ಹೇಳಿ ಕಳಿಸಿದೆ. ನಿಜ ಬರೆಯುವುದಕ್ಕೂ ಒಂದು ಸುಳ್ಳು ಬೇಕಾಯಿತು ನೋಡು ನಿನ್ನಮ್ಮನಿಗೆ.

ಚೂರಿ ಪ್ರದರ್ಶನದವರು ಅಪ್ಪ ನಿನಗೆ ಮಾಡಿಕೊಟ್ಟ ಚೂರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಎಲ್ಡನ್ ಅವರ ಕೊನೆಯ ಕೈಕೆಲಸ' ಎಂದು ಚೀಟಿ ಹಾಕುತ್ತಾರಂತೆ. ಅದರ ಕೆಳಗೆ ಎರಡು ಸಾಲು ನಾನು ಬರೆಯಬೇಕಂತೆ. ಹಿಡಿಯ ತುದಿಗೆ ಅಪ್ಪ ಕೂರಿಸಿದ ಹಿತ್ತಾಳೆ ಮುಚ್ಚಳದಲ್ಲಿ ಉಗುರಿಗೂ ಸಂದು ಸಿಗುವುದಿಲ್ಲ, ಬೇಜಾರಾದಾಗಲೆಲ್ಲ ಅದನ್ನು ಸವರುತ್ತೇನೆ, ಅಪ್ಪನ ಕೈ ಹಿಡಿದ ಹಾಗಾಗುತ್ತದೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಆ ಮುಚ್ಚಳ ಅಪ್ಪ ಕೂರಿಸಿದ್ದಲ್ಲ ಮಗಳೇ. ನಾನು ಕೂರಿಸಿದ್ದು.

ನಿನ್ನಪ್ಪನ ಕೈ ನಡುಗಲು ಶುರುವಾಗಿದ್ದು ನಿನಗೆ ಗೊತ್ತಾಗುವುದಕ್ಕಿಂತ ನಾಲ್ಕು ವರ್ಷ ಮೊದಲು. ಸುತ್ತಿಗೆ ಕೆಲಸಕ್ಕೆ ಅದು ಅಷ್ಟು ಅಡ್ಡ ಬರುತ್ತಿರಲಿಲ್ಲ. ಮುಚ್ಚಳ ಕೂರಿಸಲು ಮಾತ್ರ ಆಗುತ್ತಿರಲಿಲ್ಲ. ಹಿಡಿಗೆ ಹಾಕುವ ಎಲ್ಕ್ ಜಿಂಕೆಯ ಕೊಂಬನ್ನು ಕುಯ್ದರೆ ಒಳಗೆ ಒಣ ಬ್ರೆಡ್ಡಿನ ಹಾಗೆ ತೂತು ತೂತಾದ ಬೆಂಡು. ಅದಕ್ಕೆ ನೀರಿಳಿಯದಂತೆ ಮುಚ್ಚಬೇಕು, ಕೊಂಬೋ ಒಂದೂ ಸರಿಯಾಗಿ ದುಂಡಗಿರುವುದಿಲ್ಲ. ಮುಚ್ಚಳದ ಒಳಗೆ ಮೇಣದಬತ್ತಿಯ ಮಸಿ ಹಿಡಿಸಿ ಕೊಂಬಿಗೆ ಒತ್ತಿದರೆ ಉಬ್ಬಿದ ಕಡೆ ಕಪ್ಪು ಅಂಟುತ್ತದೆ. ಅಷ್ಟನ್ನೇ ಅರ ಹಾಕಿ ಉಜ್ಜಬೇಕು, ಮತ್ತೆ ಒತ್ತಬೇಕು, ಮತ್ತೆ ಉಜ್ಜಬೇಕು. ಒಂದು ಕೊಂಬಿಗೆ ಕೂತ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ.

ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೇ, ನಿನ್ನ ಕೈ ಒಂಚೂರು ಬೇಕಿತ್ತು" ಅಂದರು. ನಾನು ಪೈ ಹಿಟ್ಟು ನಾದುತ್ತಿದ್ದೆ. "ಹಿಟ್ಟಾಗಿದೆ, ಆಗುತ್ತಾ?" ಅಂದೆ. "ಹಿಟ್ಟು ತೊಳ್ಕೋ. ಊರಿಗೆಲ್ಲ ಹೇಳ್ಕೊಂಡು ಬರಬೇಡ ಮತ್ತೆ" ಅಂದರು. ಅಂದಿನಿಂದ ಈ ಮನೆಯಿಂದ ಹೋದ ಒಂದೊಂದು ಚೂರಿಯ ಮುಚ್ಚಳವೂ ನನ್ನದು. ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ಜಂಬ ಅಂದರೂ ಸರಿ, ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ.

ನಿನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ಮಾತ್ರ ನನ್ನನ್ನು ಚೂರಿ ಮಾಡುವ ಶೆಡ್ಡಿನ ಹತ್ತಿರಕ್ಕೂ ಬಿಡಲಿಲ್ಲ. "ಇದು ನನ್ನ ಮಗಳ ಚೂರಿ, ನೀನು ಕೈ ಹಾಕಂಗಿಲ್ಲ" ಅಂದರು. ಹನ್ನೊಂದು ವರ್ಷದವಳಿದ್ದಾಗ ತೊರೆಯ ಮೇಲಿನ ದಿಬ್ಬದಲ್ಲಿ, ಕರಗುವ ಹಿಮದೊಳಗಿಂದ ನೀನು ಎಳೆದು ತಂದ ಕೊಂಬು ಅದು. ಇಪ್ಪತ್ತೊಂಬತ್ತು ವರ್ಷ ಅದನ್ನು ಸೂರಿನ ಕೆಳಗೆ ಕಾದಿಟ್ಟಿದ್ದರು. ಮೂರು ವಾರ ಅರದ ಸದ್ದು ಕೇಳಿಸುವುದು, ನಿಲ್ಲುವುದು, ಮತ್ತೆ ಕೇಳಿಸುವುದು. ಕೊನೆಗೆ ತಂದು ಊಟದ ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ಮುಚ್ಚಳ ಸೊಟ್ಟಗಿತ್ತು. ಒಂದು ಕಡೆ ಉಗುರು ಇಳಿಯುವಷ್ಟು ಸಂದು, ಅದಕ್ಕೆ ಕೊಂಬಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ್ದರು. ಚೆನ್ನಾಗಿದೆ ಅಂದೆ. ನನ್ನ ಮುಖ ಏನು ಹೇಳಿತೋ ಕಾಣೆ.

ಮರುವಾರ ರಾಯ್ಸ್ ನಿನ್ನಪ್ಪನನ್ನು ಮಿಸೂಲಾಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರ ಟ್ರಕ್ಕು ತಿರುವು ದಾಟಿದ್ದೇ ತಡ, ನಾನು ಶೆಡ್ಡಿಗೆ ಹೋದೆ. ಅವರ ಮಾನ ಉಳಿಸಲು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ ಅದು. ಅಂಥ ಕೆಲಸ ನಮ್ಮ ಮನೆಯಿಂದ ಹೊರಗೆ ಹೋದರೆ ನಾಲ್ಕು ಜನ ಏನಂದಾರು ಎನ್ನುವುದೇ ನನಗೆ ದೊಡ್ಡದಾಗಿತ್ತು. ಮುಚ್ಚಳ ಕಾಯಿಸಿ ಅಂಟು ಬಿಡಿಸಿದೆ, ಹೊಸ ಹಿತ್ತಾಳೆಯಲ್ಲಿ ಬೇರೆ ಮುಚ್ಚಳ ಮಾಡಿ ಕೂರಿಸಿದೆ. ಅವರದನ್ನು ಚೂರುಪಾರಿನ ಡಬ್ಬಕ್ಕೆ ಎಸೆದೆ. ಹೌದು, ಎಸೆದೆ.

ಸಂಜೆ ಬಂದವರು ಚೂರಿ ಎತ್ತಿಕೊಂಡು ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. "ನನ್ನ ಕೈ ಇನ್ನೂ ಸತ್ತಿಲ್ಲ ಕಣೇ ಮುದುಕಿ, ನೋಡು ಹೆಂಗೆ ಕೂತಿದೆ" ಅಂದರು. ಆಮೇಲೆ ನನ್ನ ಬೆರಳು ನೋಡಿ, "ಕೈ ತೊಳ್ಕೊಂಡು ಬಾ, ಊಟ ಮಾಡೋಣ" ಅಂದರು. ಸದ್ಯ, ಗೊತ್ತಾಗಲಿಲ್ಲ ಅಂದುಕೊಂಡೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವರು ಅರ ಮುಟ್ಟಲೇ ಇಲ್ಲ. ಮಗಳ ಚೂರಿ ಮುಗಿಯಿತು, ಇನ್ನು ಸಾಕೆನಿಸಿರಬೇಕು ಅಂದುಕೊಂಡೆ. ಫೆಬ್ರವರಿಯಲ್ಲಿ ಹೋಗಿಬಿಟ್ಟರು.

ಚೀಟಿಯಲ್ಲಿ ಏನು ಬರೆಸುತ್ತೀಯೋ ಬರೆಸು. ಅಲಗು ಪೂರ್ತಿ ಅವರದು, ಅದರಲ್ಲಿ ಅನುಮಾನ ಬೇಡ. ಪ್ರದರ್ಶನಕ್ಕೆ ಕೊಡುವುದೇ ಇಲ್ಲ ಅಂದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟು ಮಾಡಿಕೋ, ಫೋನ್ ಮಾಡಬೇಡ ಅನಿಸಿದರೆ ಮಾಡಬೇಡ. ಆದರೆ ನನ್ನ ಕೆಲಸವನ್ನು ಸವರಿ ಅಪ್ಪಾ ಅನ್ನಬೇಡ ಕಂದಾ. ಅದೊಂದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ಹಿಮ ಬೀಳುವ ಮೊದಲು ಕಾರಿನ ಟೈರು ಬದಲಾಯಿಸಿಕೋ.

ನಿನ್ನ ಅಮ್ಮ,
ಅರ್ಲೆಟ್

ತಾ.ಕ.: ಇದನ್ನು ಬರೆಯಬಾರದು ಅಂತಲೇ ಮೇಲೆ ಸಹಿ ಮಾಡಿದ್ದೆ. ಹೋದ ವಾರ ಚರ್ಚಿನ ಪೆಟ್ಟಿಗೆಗೆ ಹಾಕೋಣವೆಂದು ಅಪ್ಪನ ಕೆಂಪು ಚೌಕುಳಿ ಅಂಗಿ ಮಡಿಸುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಅವರ ಮುಚ್ಚಳ. ಡಬ್ಬ ತಡಕಿ ತೆಗೆದಿಟ್ಟುಕೊಂಡಿದ್ದಾರೆ. ಬೆರಳು ಆಡಿಸಿ ಆಡಿಸಿ ಅದರ ಅಂಚು ನುಣ್ಣಗಾಗಿದೆ. ಅವತ್ತು ನನ್ನ ಉಗುರಿನಲ್ಲಿ ಮಸಿ ಇತ್ತು ಮಾರ್ಲಾ. ಅವರಿಗೆ ಎಲ್ಲ ಗೊತ್ತಿತ್ತು. ನನಗೆ ನೋವಾಗಬಾರದೆಂದು ಕೈ ಇನ್ನೂ ಸತ್ತಿಲ್ಲ ಅನ್ನುವ ಆ ಮಾತು ಹೇಳಿದ್ದಾರೆ. ಮುಚ್ಚಳವನ್ನು ಅವರ ಕರವಸ್ತ್ರದಲ್ಲಿ ಸುತ್ತಿ ಈ ಕಾಗದದ ಜೊತೆ ಇಟ್ಟಿದ್ದೇನೆ, ಅದು ನಿನ್ನದು. ಚೂರಿಗೆ ತಿರುಗಿ ಕೂರಿಸಲು ಮಾತ್ರ ನೋಡಬೇಡ, ಕೂರುವುದಿಲ್ಲ. ನನ್ನ ಮುಚ್ಚಳದ ಅಳತೆಗೆ ಆ ಕೊಂಬನ್ನು ಅವತ್ತೇ ಉಜ್ಜಿ ಸಣ್ಣ ಮಾಡಿಬಿಟ್ಟಿದ್ದೇನೆ.