ಕರೆಂಟು ತೆಗೆದ ನೀರು

ಮಳವಳ್ಳಿ
೧೮ ಮೇ ೨೦೨೫, ಭಾನುವಾರ

ಪ್ರೀತಿಯ ತಮ್ಮ ರಾಜೇಂದ್ರನಿಗೆ,

ಜೈ ಭೀಮ್. ಫೋನಿನಲ್ಲಿ ನಾನು ಎರಡನೆಯ ಮಾತಿಗೆ ಬರುವ ಮುಂಚೆಯೇ ‘ಡ್ಯೂಟೀಲಿವ್ನಿ ಕಣಕ್ಕ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದು.

ಹೋದ ತಿಂಗಳು ವೈದ್ಯನಾಥಪುರದಲ್ಲಿ, ಶಿವರಾಮು ಮಾವನ ಗೃಹಪ್ರವೇಶದಲ್ಲಿ, ನಿನ್ನ ಮಗಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಲ್ಲಿಸಿ ಕೈಗೆ ಮೈಕು ಕೊಟ್ಟೆಯಲ್ಲ. ರಜೆಯಲ್ಲಿ ನೀನು ಬಾಯಿಪಾಠ ಮಾಡಿಸಿದ ಜಲವಿದ್ಯುತ್ತಿನ ಪಾಠವನ್ನು ಎಂಟು ವರ್ಷದ ಶೋಭಿತಾ ಉಸಿರು ಬಿಡದೆ ಒಪ್ಪಿಸಿದಳು. ಬಾಡೂಟಕ್ಕೆ ಕಾಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಲೆ ಹಾಕುವುದು ಇನ್ನೂ ತಡವಾಗಿದ್ದರೆ ಅವರು ಮಿಕ್ಸಿಯ ಸದ್ದಿಗೂ ತಟ್ಟುತ್ತಿದ್ದರು. ನೀನು ಮಾತ್ರ ಪ್ರಶಸ್ತಿ ಬಂದವನಂತೆ ಮೀಸೆ ಸವರಿಕೊಂಡೆ.

‘ನೀರು ಎತ್ತರದಿಂದಲೇ ಯಾಕೆ ಬೀಳಬೇಕು ಕೂಸೇ?’ ಎಂದೆ ನಾನು. ಅವಳು ಕಣ್ಣು ಪಿಳಿಪಿಳಿ ಬಿಟ್ಟು, ಮತ್ತೆ ಮೊದಲ ವಾಕ್ಯದಿಂದ ಶುರುಮಾಡಿದಳು. ನಡುವೆ ತಡೆದರೆ ಮೊದಲಿನಿಂದಲೇ ಬರಬೇಕು. ನೀನು ಕಲಿಸಿದ್ದು ಅಷ್ಟೇ. ‘ಸುಮ್ಕಿರಕ್ಕ, ಮಧ್ಯಕ್ಕೆ ಬಾಯಾಕ್ಬೇಡ, ಮಗೀಗೆ ಕನ್‌ಫ್ಯೂಸ್ ಆಯ್ತದೆ’ ಎಂದು ಎಲ್ಲರೆದುರು ಗದರಿದೆ. ಅವಳು ಹುಟ್ಟಿದ್ದು ಬ್ಲಫ್‌ನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ ಕಣೋ! ಗುಡ್ಡದಿಂದಿಳಿಯುವ ಆ ದಪ್ಪ ಕೊಳವೆಗಳನ್ನು ತೋರಿಸಿಯೇ ಅವಳಿಗೆ ತುತ್ತು ತಿನ್ನಿಸಿದ್ದು. ಪಾಠದ ನೀರು ಅದೇ ನೀರು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಈಗ ನನ್ನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿರುವವಳನ್ನು ಜೂನ್‌ನಿಂದ ಬಿಡಿಸಿ ಮಂಡ್ಯದ ಯಾವುದೋ ಜ್ಞಾಪಕಶಕ್ತಿ ಹಾಸ್ಟೆಲಿಗೆ ಹಾಕುತ್ತೀಯಂತೆ. ನಾಳೆ ಸಂಜೆ ಕಾರು ತರುತ್ತೀಯಂತೆ. ಅವರ ಕರಪತ್ರ ಓದಿದೆ. ಒಮ್ಮೆ ಓದಿದರೆ ಜನ್ಮಪೂರ್ತಿ ನೆನಪು! ಸಾಲಿಗೊಂದು ಚಿಟಿಕೆ, ಪುಟಕ್ಕೊಂದು ಚಪ್ಪಾಳೆ, ಬೆಳಿಗ್ಗೆ ಒಂದು ಚಮಚ ಲೇಹ್ಯ. ಮಕ್ಕಳ ತಲೆಯನ್ನು ಉಪ್ಪಿನಕಾಯಿ ಭರಣಿ ಎಂದುಕೊಂಡಿದ್ದಾರೆ: ತುಂಬು, ಮುಚ್ಚು, ಪರೀಕ್ಷೆಗೆ ತೆಗೆ. ಅದನ್ನು ನಂಬಲು ನಿನ್ನಂಥವನೇ ಬೇಕು.

ಗೃಹಪ್ರವೇಶದಿಂದ ನನ್ನ ಜೊತೆ ಬಂದ ಮೇಲೆ ಏನಾಯಿತು ಕೇಳು. ಅದೇ ಪಾಠದ ಒಂದು ಪುಟ ಓದಿಸಿದೆ. ಪುಸ್ತಕ ಮುಚ್ಚಿಸಿದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅವ್ವನನ್ನು ತೋರಿಸಿ ‘ಅಜ್ಜಿಗೆ ನಿನ್ನದೇ ಮಾತಿನಲ್ಲಿ ಹೇಳು ಹೋಗು’ ಎಂದೆ. ಅವ್ವ ಶಾಲೆ ಕಂಡವಳಲ್ಲ, ಯಾವುದನ್ನೂ ಸುಲಭಕ್ಕೆ ನಂಬುವವಳೂ ಅಲ್ಲ. ‘ಥೂ, ಬುಡು. ಕರೆಂಟ್ ತಗದ್ಮೇಲೆ ಆ ನೀರಲ್ಲಿ ಸತ್ವ ಏನೈತೆ? ಬೆಣ್ಣೆ ತಗ್ದ ಮಜ್ಜಿಗೆ ಕಣ್ ಕೂಸೆ. ಅದ್ಕೇ ಬತ್ತ ಜೊಳ್ಳಾಗೋದು’ ಎಂದಳು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಊಟದಲ್ಲಿ, ನಿನಗೂ ಇದನ್ನೇ ಕೇಳಿದ್ದಳು. ವಿದ್ಯುತ್ ಕೇಂದ್ರದ ಕಚೇರಿಯಲ್ಲಿ ಕೂದಲು ನರೆಸಿಕೊಂಡ ನೀನು ‘ನಿಂಗ್ಯಾಕವ್ವ ಅದೆಲ್ಲ’ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ನಿನ್ನ ಮಗಳಿಗೆ ಸಿಟ್ಟು ಬಂತು. ಓಡಿಹೋಗಿ ಅದೇ ಪುಟವನ್ನು, ಈ ಸಲ ಉತ್ತರ ಹುಡುಕಿಕೊಂಡು ಓದಿದಳು. ಬದನೆಕಾಯಿಗೆ ಐಸ್‌ಕ್ರೀಮ್ ಚಮಚಗಳನ್ನು ಸಿಕ್ಕಿಸಿ ಚಕ್ರ ಮಾಡಿ ನಲ್ಲಿಯ ಕೆಳಗೆ ತಿರುಗಿಸಿದಳು. ಚಕ್ರದಿಂದ ಬಿದ್ದ ನೀರನ್ನು ಚೊಂಬಿನಲ್ಲಿ ಹಿಡಿದು ಅಜ್ಜಿಯ ಮುಂದಿಟ್ಟಳು. ‘ಚಕ್ರ ನೀರ ಕುಡಿಯಾಕಿಲ್ಲ ಅಜ್ಜಿ. ನೀರು ಅದ್ನ ತಳ್ತದೆ ಅಷ್ಟೆ.’

ಅವ್ವ ಬಿಟ್ಟಾಳೆಯೇ? ‘ಅಷ್ಟೊಂದ್ ತಳ್ಳುದ್ರೆ ನೀರ್ಗೆ ಸುಸ್ತಾಗಾಕಿಲ್ವಾ?’

ಅಂದು ಕತ್ತಲಾಗುವವರೆಗೂ ಹುಡುಗಿ ಬದನೆಕಾಯಿ ಚಕ್ರ ತಿರುಗಿಸುತ್ತಲೇ ಇದ್ದಳು. ಮಾರನೆಯ ಬೆಳಿಗ್ಗೆ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಕೂಗಿದಳು: ‘ಆಯ್ತದೆ ಅಜ್ಜಿ! ಕೆಳಕ್ ಬಂದ್ಬುಟ್ಟಿರ್ತದಲ್ಲ, ಅದ್ರ ಪಾಡಿಗೆ ಅದು ತಿರ್ಗ ಮ್ಯಾಕೆ ಅತ್ತಾಕಾಗಲ್ಲ. ಅದ್ಕೇ ಎತ್ರದಿಂದ ಬೀಳ್ಬೇಕು!’

ಈ ಮಾತು ಅವಳ ಪುಸ್ತಕದಲ್ಲಿಲ್ಲ. ವಾರಗಳು ಕಳೆದಿವೆ. ನಡುವಿನಿಂದ ಕೇಳಿದರೂ ಹೇಳುತ್ತಾಳೆ, ಹಿಂದಿನಿಂದ ಕೇಳಿದರೂ ಹೇಳುತ್ತಾಳೆ. ಈ ಹುಡುಗಿಯನ್ನು ಚಿಟಿಕೆ ಹೊಡೆಯಲು ಕಳಿಸುತ್ತೀಯ?

ಕಾರು ತರಬೇಡ. ನಾಳೆ ಬೆಳಗಿನ ಬಸ್ಸಿಗೆ ಅವ್ವನೇ ಅವಳನ್ನು ಬ್ಲಫ್‌ಗೆ ಕರೆತರುತ್ತಾಳೆ. ಈ ಕಾಗದವೂ ಅವ್ವನ ಕೈಯಲ್ಲೇ ಇರುತ್ತದೆ. ಆ ಕೊಳವೆಗಳು ಕಾಣುವ ಕಡೆ ನಿನ್ನನ್ನು ನಿಲ್ಲಿಸಿಕೊಂಡು ಮಗಳು ಪಾಠ ಹೇಳುತ್ತಾಳೆ. ಮೀಸೆ ಸವರಬೇಡ. ಅವ್ವ ಕೇಳಿದಂಥ ಒಂದು ಪ್ರಶ್ನೆ ಕೇಳು ಸಾಕು. ಹಾಗೆ ಕೇಳುವುದು ನಿನಗೆ ಬಂದರೆ ಆಮೇಲೆ ಹಾಸ್ಟೆಲಿನ ಮಾತಾಡೋಣ. ಅವಳ ಅಪ್ಪ ನೀನು, ಕೊನೆಯ ಮಾತು ನಿನ್ನದೇ. ಅದೇ ನನ್ನ ಹೆದರಿಕೆ.

ನಿನ್ನ ಮೇಲೆ ಸಿಟ್ಟಿರುವ ಅಕ್ಕ,
ಶಶಿರೇಖಾ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ: ನಾಳೆಗೆ ಬಟ್ಟೆ ಮಡಚುತ್ತಿದ್ದಾಗ ಶೋಭಿತಾ ನನ್ನ ಕಿವಿಯ ಹತ್ತಿರ ಬಂದು, ‘ಅತ್ತೆ, ಅಪ್ಪಂಗೆ ಉತ್ರ ಗೊತ್ತಿಲ್ಲ ಅಂದ್ರೆ, ನಂಗೂ ಮರ್ತೋಯ್ತು ಅಂದ್ಬುಡ್ಲಾ? ಪಾಪ, ಆಪೀಸ್ನೋರೆಲ್ಲ ಇರ್ತಾರೆ’ ಎಂದಳು. ಅವಳ ಲಂಗವನ್ನು ಮಡಚಿ ಚೀಲಕ್ಕಿಟ್ಟು ಈ ಸಾಲು ಬರೆಯುತ್ತಿದ್ದೇನೆ. ನಾಳೆ ಅವಳು ಮರೆತೆ ಎಂದರೆ ನಂಬಬೇಡ, ರಾಜೇಂದ್ರ.