ನಾನು ತುಂಬಿದ ಫಾರ್ಮು

ಗುಬ್ಬಚ್ಚಿಗೆ,

ಹದಿನಾಲ್ಕು ತುಂಬಿದವಳನ್ನು ಇನ್ನೂ ಹಾಗೆ ಕರೆಯಬೇಡ ಎಂದು ನೀನು ಹೇಳಿ ಆರು ತಿಂಗಳಾಯಿತು. ಇದೊಂದು ಸಲ ಸಹಿಸಿಕೋ. ಎದುರಿಗೆ ಕೂತು ಹೇಳೋಣವೆಂದರೆ ನಾನು ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ, ನೀನು ನಕ್ಕಂತೆ ಮಾಡಿ ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನಿಮ್ಮ ಕ್ಲಾಸ್ ಟೀಚರ್ ಕನ್ನಡಕ ಬದಲಾಯಿಸಲು ನಮ್ಮ ಅಂಗಡಿಗೆ ಬಂದಿದ್ದರು. ಫ್ರೇಮು ಆರಿಸುತ್ತಾ, "ನಿಮ್ಮ ಮಗಳು ದಿನಾ ಮಧ್ಯಾಹ್ನ ಮೆಟ್ಟಿಲ ಕೆಳಗೆ ಒಬ್ಳೇ ಕೂತು ಊಟ ಮಾಡ್ತಾಳೆ. ಯಾಕಮ್ಮಾ ಅಂದ್ರೆ ಇಲ್ಲಿ ತಂಪಾಗಿದೆ ಅಂತಾಳೆ" ಎಂದರು. ಹೊಸದಾಗಿ ಸೇರಿದ, ಬೆರೆಯಲು ಕಷ್ಟಪಡುವ ಮಕ್ಕಳಿಗೆಂದು ಪ್ರತಿ ಬುಧವಾರ ಒಂದು ಸಣ್ಣ ಗುಂಪು ನಡೆಸುತ್ತಾರಂತೆ. ಆಡುತ್ತಾರೆ, ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳುತ್ತಾರೆ, ಜಗಳವಾದರೆ ಹೇಗೆ ರಾಜಿಯಾಗುವುದೆಂದು ಕಲಿಯುತ್ತಾರೆ. ಹಾಗಾದರೆ ನಿನ್ನನ್ನೇಕೆ ಸೇರಿಸಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಕನ್ನಡಿಯಿಂದ ಮುಖ ತಿರುಗಿಸಿ, "ನೀವೇ ಬರ್ಕೊಟ್ಟಿದ್ರಲ್ಲ ಸಾರ್, ಬೇಡ ಅಂತ" ಎಂದರು.

ಹೌದು, ಬರೆದುಕೊಟ್ಟಿದ್ದೆ. ಹೋದ ವರ್ಷ ನಿನ್ನನ್ನು ಆ ಶಾಲೆಗೆ ಸೇರಿಸುವ ಹಿಂದಿನ ದಿನ, ಶಾಲೆಯವರು ಕೊಟ್ಟ ಫಾರ್ಮಿನಲ್ಲಿ, ಇದೇ ಗಾಜಿನ ಕೌಂಟರಿನ ಮೇಲೆ. ಎಲ್ಲರೊಂದಿಗೆ ಬೆರೆಯುತ್ತಾಳೆಯೇ? ಯಾವಾಗಲೂ. ಹೊಸಬರೊಡನೆ ಮಾತಾಡಲು ಹೆದರುತ್ತಾಳೆಯೇ? ಎಂದಿಗೂ ಇಲ್ಲ. ಬುಧವಾರದ ಗುಂಪು ಬೇಕೇ? ಬೇಡ. ಗಿರಾಕಿಗಳು ಕಾಯುತ್ತಿದ್ದರೆಂಬ ನೆಪವೂ ನನಗಿಲ್ಲ, ಅವತ್ತು ನೊಣ ಹೊಡೆಯುತ್ತಾ ಕೂತಿದ್ದೆ. ನೀನು ಸ್ಟೂಲಿನ ಮೇಲಿಂದ ಬಗ್ಗಿ ನೋಡಿ, "ಅಪ್ಪಾ, ನಂಗೆ ಆ ಬುಧವಾರದ್ದು ಬೇಕು. ಹೊಸಬ್ರ ಹತ್ರ ನಂಗೆ ಮಾತೇ ಬರಲ್ಲ" ಅಂದೆ. ಎಷ್ಟು ಮೆಲ್ಲಗೆ ಅಂದೆ! "ಸುಮ್ನಿರೇ, ಮೊದಲನೇ ದಿನಾನೇ ಮಂಕು ಅಂತ ಹಣೆಪಟ್ಟಿ ಹಚ್ಚಿಬಿಡ್ತಾರೆ" ಎಂದು ಗದರಿಸಿ ಸಹಿ ಹಾಕಿದೆ.

ನಾನು ಇಪ್ಪತ್ತು ವರ್ಷದಿಂದ ಕಣ್ಣು ಪರೀಕ್ಷೆ ಮಾಡುವವನು ಕಣೇ. ಕನ್ನಡಕ ತಪ್ಪಿಸಿಕೊಳ್ಳಲು ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಬರುವ ಮಕ್ಕಳಿಗೆಂದೇ ಒಳಗೆ ಇನ್ನೊಂದು ಹಲಗೆ ಇಟ್ಟವನು. "ಕಾಣದಿದ್ರೆ ಕಾಣಲ್ಲ ಅನ್ನು ಮರಿ, ಇಲ್ಲಿ ಯಾರೂ ಫೇಲ್ ಆಗಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುವವನು. ನಿನ್ನ ಸರದಿ ಬಂದಾಗ ಮಾತ್ರ ಎಲ್ಲ ಸಾಲುಗಳನ್ನೂ ನಾನೇ ಓದಿಬಿಟ್ಟೆ.

ಒಂದು ವರ್ಷ ನಿನ್ನ ಊಟದ ಡಬ್ಬಿ ಖಾಲಿಯಾಗಿ ಬರುವುದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡೆ. ಸ್ಕೂಲು ಹೇಗಿತ್ತು ಎಂದರೆ "ಚೆನ್ನಾಗಿತ್ತು" ಅನ್ನುತ್ತಿದ್ದೆ ನೀನು. ಆ ಉತ್ತರ ಕಲಿಸಿಕೊಟ್ಟವನು ನಾನೇ. ನನಗೆ ನಾಚಿಕೆಯಾಗುತ್ತಿದೆ. ನಿನ್ನ ಬಗ್ಗೆ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡ, ನನ್ನ ಬಗ್ಗೆ.

ಟೀಚರ್ ಹೊಸ ಫಾರ್ಮು ಕಳಿಸಿದ್ದಾರೆ. ಈ ಪತ್ರದ ಜೊತೆ ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಕೆಳಗೆ ಸಹಿ ಹಾಕಿದ್ದೇನೆ, ಉಳಿದದ್ದೆಲ್ಲ ಖಾಲಿ ಇದೆ. ನೀನೇ ತುಂಬು. ಏನು ಬರೆದರೂ ನನ್ನ ಒಪ್ಪಿಗೆಯಿದೆ, ಹಣೆಪಟ್ಟಿಯ ಭಯ ನನ್ನದು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಕೊನೆಯ ಪ್ರಶ್ನೆ ಬದಲಾಗಿಲ್ಲ. ಕಷ್ಟವಾದಾಗ ಮಗು ಮೊದಲು ಯಾರಿಗೆ ಹೇಳುತ್ತದೆ? ಹೋದ ವರ್ಷ ಅಲ್ಲಿ 'ಅಪ್ಪನಿಗೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಇಡೀ ಫಾರ್ಮಿನಲ್ಲಿ ನಿಜವಾಗಿದ್ದದ್ದು ಅದೊಂದೇ ಉತ್ತರ, ಗುಬ್ಬಚ್ಚಿ. ನೀನು ಮೊದಲು ನನಗೇ ಹೇಳಿದ್ದೆ, ಆ ಸ್ಟೂಲಿನ ಮೇಲೆ ಕೂತು. ಈ ಸಲ ಅಲ್ಲಿ ಯಾರ ಹೆಸರು ಬರೆದರೂ ನಾನು ತಿದ್ದುವುದಿಲ್ಲ.

ಬುಧವಾರ ನಿನ್ನ ಪಕ್ಕದಲ್ಲಿ ಯಾರಾದರೂ ಬಂದು ಕೂರಲಿ, ನಿನಗೆ ಬಾಯ್ತುಂಬ ಮಾತು ಬರಲಿ.

ಕಿವಿಗೆ ಬಿದ್ದರೂ ಕೇಳದೆ ಹೋದ,
ನಿನ್ನ ಅಪ್ಪ